ಬಯಾಪ್ಸಿ ಸ್ಲೈಡಿಗೆ ಬಣ್ಣ ಕೊಡುವ ಮರ

ಕೇಳುಗರೇ, ನಮಸ್ಕಾರ. ಮನೆಯಲ್ಲಿ ಯಾರಿಗಾದರೂ ಬಯಾಪ್ಸಿ ಆದಾಗ, ಅಂದರೆ ಪರೀಕ್ಷೆಗೆ ಅಂತ ಮೈಯಿಂದ ಮಾಂಸದ ಚೂರು ತೆಗೆದಾಗ, ರಿಪೋರ್ಟ್ ಬರುವವರೆಗೂ ಊಟ ಸೇರುವುದಿಲ್ಲ, ಅಲ್ವಾ? ಆ ರಿಪೋರ್ಟಿಗೂ ಮಧ್ಯ ಅಮೆರಿಕದ ಒಂದು ಮರಕ್ಕೂ ನಂಟಿದೆ.

ಮರದ ಹೆಸರು ಲಾಗ್‌ವುಡ್. ಮೆಕ್ಸಿಕೋದ ಯುಕಟಾನ್, ಪಕ್ಕದ ಬೆಲೀಜ್, ಅಲ್ಲಿನ ಜೌಗು ನೆಲವೇ ಇದರ ತವರು. ಕಾಂಡ ಸೊಟ್ಟ, ಮೈಯೆಲ್ಲ ಮುಳ್ಳು. ಆದರೆ ಹೊರಗಿನ ಬಿಳಿ ಭಾಗ ಕೆತ್ತಿದರೆ ಒಳಗೆ ಕೆಂಪು ಚೇಗು. ಅದನ್ನು ಚಕ್ಕೆ ಮಾಡಿ ನೀರಿನಲ್ಲಿ ಕುದಿಸಿದರೆ ಬಣ್ಣ ಬಿಡುತ್ತದೆ. ಕಬ್ಬಿಣದ ಉಪ್ಪು ಸೇರಿಸಿದರೆ ಬಟ್ಟೆಗೆ ಕಪ್ಪು ಬಣ್ಣ ಹಿಡಿಯುತ್ತದೆ.

ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನರಿಗೆ ಗೊತ್ತಿದ್ದ ಈ ಮರವನ್ನು ಸ್ಪೇನಿನವರು 16ನೇ ಶತಮಾನದಲ್ಲಿ ಯುರೋಪಿಗೆ ಸಾಗಿಸಿದರು. ಬಣ್ಣ ಬೇಗ ಮಾಸುತ್ತದೆ ಅಂತ ಇಂಗ್ಲೆಂಡ್ 1581ರಲ್ಲಿ ನಿಷೇಧಿಸಿತು, 1662ರಲ್ಲಿ ಮತ್ತೆ ಬಿಟ್ಟಿತು. ಅಷ್ಟರಲ್ಲಿ ಹಡಗು ದೋಚುತ್ತಿದ್ದ ಇಂಗ್ಲಿಷ್ ಕಡಲ್ಗಳ್ಳರೇ ದಡಕ್ಕಿಳಿದು ಮರ ಕಡಿಯತೊಡಗಿದ್ದರು, ಬೆಲೀಜಿನಲ್ಲಿ ಇಂಗ್ಲಿಷರು ನೆಲೆ ನಿಂತದ್ದು ಹೀಗೆಯೇ. ಮುಂದೆ ಆ ಕೆಸರಿನಲ್ಲಿ ನಿಂತು ಕೊಡಲಿ ಬೀಸಿದವರು ಹೆಚ್ಚಾಗಿ ಆಫ್ರಿಕಾ ಮೂಲದ ಗುಲಾಮರು. ಲಾಭದ ಲೆಕ್ಕ ಹೇಳುವವರು ಅವರ ಹೆಸರು ಹೇಳುವುದೇ ಇಲ್ಲ, ನನಗೆ ಅದು ಬಹಳ ನೋವಿನ ವಿಷಯ.

19ನೇ ಶತಮಾನದ ಕೊನೆಗೆ ರಾಸಾಯನಿಕ ಬಣ್ಣಗಳು ಬಂದವು. ಲಾಗ್‌ವುಡ್ ವ್ಯಾಪಾರ ಕುಸಿಯಿತು. ಆದರೆ ಅಷ್ಟರಲ್ಲೇ ಅದು ಲ್ಯಾಬು ಸೇರಿತ್ತು.

ಚೇಗಿನಲ್ಲಿರುವ ವಸ್ತು ಹೆಮಟಾಕ್ಸಿಲಿನ್. ಅದಕ್ಕೆ ತಾನಾಗಿ ಬಣ್ಣ ಹಚ್ಚುವ ಶಕ್ತಿಯಿಲ್ಲ. ಗಾಳಿಯ ಆಮ್ಲಜನಕ ಸೇರಿ ಹೆಮಟೈನ್ ಆಗಬೇಕು, ಅದಕ್ಕೆ ಪಟಿಕ ಬೆರೆಸಬೇಕು. ಹಿಂದೆ ಈ ದ್ರಾವಣವನ್ನು ವಾರಗಟ್ಟಲೆ ಬಿಸಿಲು ಬೀಳುವ ಕಡೆ ಇಟ್ಟು ಹದ ಮಾಡುತ್ತಿದ್ದರು. ಈಗ ಸೋಡಿಯಂ ಅಯೊಡೇಟ್ ಹಾಕಿದರೆ ಅಷ್ಟು ಕಾಯಬೇಕಿಲ್ಲ. ಕೂದಲಿಗಿಂತ ತೆಳುವಾಗಿ ಕತ್ತರಿಸಿದ ಮಾಂಸದ ಪದರಕ್ಕೆ ಇದನ್ನು ಹಚ್ಚಿದರೆ ಜೀವಕೋಶದ ನ್ಯೂಕ್ಲಿಯಸ್ ನೀಲಿ-ನೇರಳೆಯಾಗುತ್ತದೆ. ಸುತ್ತಲಿನ ಭಾಗಕ್ಕೆ ಇಯೊಸಿನ್ ಎಂಬ ಇನ್ನೊಂದು ಬಣ್ಣ ಗುಲಾಬಿ ಛಾಯೆ ಕೊಡುತ್ತದೆ. ಕ್ಯಾನ್ಸರ್ ಇದ್ದರೆ ಸಾಮಾನ್ಯವಾಗಿ ನ್ಯೂಕ್ಲಿಯಸ್ ಊದಿ, ಆಕಾರ ಕೆಟ್ಟು, ಜಾಸ್ತಿ ಗಾಢವಾಗಿ ಕಾಣುತ್ತದೆ. ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ಹುಡುಕುವ ಮುಖ್ಯ ಲಕ್ಷಣಗಳಲ್ಲಿ ಅದೂ ಒಂದು. ಬಣ್ಣವಿಲ್ಲದಿದ್ದರೆ ಆ ಪದರದಲ್ಲಿ ಹೆಚ್ಚೇನೂ ಕಾಣುವುದಿಲ್ಲ.

1970ರ ದಶಕದ ಆರಂಭದಲ್ಲಿ ಹೆಮಟಾಕ್ಸಿಲಿನ್ ಸಿಗದೆ ಲ್ಯಾಬುಗಳು ಪರದಾಡಿದ್ದವು. ಬದಲಿ ಬಣ್ಣಗಳನ್ನು ಹುಡುಕಿದರು, ಕೆಲವು ಕೆಲಸಕ್ಕೂ ಬಂದವು. ಮರದ ಪೂರೈಕೆ ಸರಿಹೋದ ಮೇಲೆ ಎಲ್ಲರೂ ಮತ್ತೆ ಹೆಮಟಾಕ್ಸಿಲಿನ್‌ಗೇ ಮರಳಿದರು.

ನಮಸ್ಕಾರ.