ಸೊಂಟಕ್ಕೆ ಕಟ್ಕೊಳ್ಳೋ ಅಮ್ಮನ ಮುಖ

ನಮಸ್ಕಾರ. ಇವತ್ತು ಒಂದು ಮುಖದ ಬಗ್ಗೆ ಮಾತಾಡೋಣ ಅಂತ ಬಂದಿದೀನಿ. ಆನೆದಂತದಲ್ಲಿ ಕೆತ್ತಿರೋದು, ಉದ್ದ ಹೆಚ್ಚುಕಮ್ಮಿ ಒಂದು ಗೇಣು. ಮುಖವಾಡ ಅಂತ ಕರೀತಾರೆ, ಆದ್ರೆ ಮುಖಕ್ಕೆ ಹಾಕೋದಲ್ಲ, ಬೆನಿನ್ ರಾಜ ಹಬ್ಬದ ದಿನ ಸೊಂಟಕ್ಕೆ ಕಟ್ಕೊಳ್ಳೋ ಒಡವೆ ಇದು. ಬೆನಿನ್ ಅಂದ್ರೆ ಈಗ ಆ ಹೆಸರಲ್ಲಿರೋ ದೇಶ ಅಲ್ಲ ಮತ್ತೆ, ಇದು ನೈಜೀರಿಯಾದ ಬೆನಿನ್ ಸಿಟಿ, ಎಡೋ ಜನರ ಊರು, ಅಲ್ಲಿ ರಾಜನಿಗೆ ಓಬಾ ಅಂತಾರೆ.

ಮುಖ ಯಾರದ್ದು ಅಂದ್ರೆ ಇದಿಯಾ ಅನ್ನೋ ತಾಯಿದು. 16ನೇ ಶತಮಾನದ ಶುರುವಲ್ಲಿ ಅವಳ ಮಗ ಎಸಿಗಿಯೆ ಓಬಾ ಆದ. ಪಟ್ಟಕ್ಕೆ ಅಣ್ಣತಮ್ಮಂದಿರ ಜಗಳ, ಆಮೇಲೆ ಇಗಾಲ ಅನ್ನೋ ಪಕ್ಕದ ರಾಜ್ಯದವರ ಜೊತೆ ಯುದ್ಧ, ಎರಡರಲ್ಲೂ ಅಮ್ಮ ಮಗನ ಬೆನ್ನಿಗೆ ನಿಂತ್ಲು, ಮಾಟ ಮದ್ದು ಎಲ್ಲಾ ಬಲ್ಲವಳು ಅಂತ ಅಲ್ಲಿನೋರು ಇವತ್ತಿಗೂ ಹೇಳ್ತಾರೆ. ಮಗ ಅವಳಿಗಾಗಿಯೇ ‘ಇಯೋಬಾ’ ಅಂದ್ರೆ ರಾಜಮಾತೆ ಅನ್ನೋ ಪದವಿ ಹುಟ್ಟುಹಾಕಿದ.

ಈ ಥರದ್ದು ಬೆರಳೆಣಿಕೆಯಷ್ಟೇ ಇವೆ, ಒಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ, ಇನ್ನೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ. ನ್ಯೂಯಾರ್ಕಿಂದು ಫೋಟೋ ದೊಡ್ಡದು ಮಾಡ್ಕೊಂಡು ನೋಡಿ. ಕಣ್ಣಗುಡ್ಡೆಗೆ ಕಬ್ಬಿಣ ಕೂರಿಸಿದ್ದಾರೆ, ಹಣೆ ಮೇಲೂ ಎರಡು ಕಬ್ಬಿಣದ ಪಟ್ಟಿ, ತುಟಿ ಬಿಗಿ, ರೆಪ್ಪೆ ಸ್ವಲ್ಪ ಇಳಿದಿದೆ, ಅಮ್ಮ ಸಿಟ್ಟು ಬಂದ್ರೂ ಮಾತಾಡದೆ ಕೂತಿರ್ತಾಳಲ್ಲ, ಹಂಗೆ. ಈಗ ತಲೆ ಮೇಲೆ ನೋಡಿ. ಕಿರೀಟದ ಜಾಗದಲ್ಲಿ ಪುಟ್ಟಪುಟ್ಟ ಗಡ್ಡದ ತಲೆಗಳು! ಪೋರ್ಚುಗೀಸರು ಸಾರ್. ಮಧ್ಯೆ ಮಧ್ಯೆ ಕೆಸರಲ್ಲಿ ಬದುಕೋ ಮೀನು. ಈ ಮೀನು ನೀರಲ್ಲೂ ಇರುತ್ತೆ ನೆಲದಲ್ಲೂ ಇರುತ್ತೆ, ಓಬಾನೂ ಹಂಗೇ, ಮನುಷ್ಯನೂ ಹೌದು ದೇವರೂ ಹೌದು. ಪೋರ್ಚುಗೀಸರು 1485ರ ಸುಮಾರಿಗೆ ಸಮುದ್ರದ ಮೇಲಿಂದ ಬಂದ್ರು, ಹಿತ್ತಾಳೆ ತಂದ್ರು. ಸಮುದ್ರದ ದೇವರು ಓಲೊಕುನ್, ಸಂಪತ್ತು ಕೊಡೋನು, ಅವನ ಬಣ್ಣ ಬಿಳಿ, ದಂತಾನೂ ಬಿಳಿ. ಎಲ್ಲಾ ಒಂದಕ್ಕೊಂದು ಹೊಂದ್ಕೊಂಡಿತು ಅಲ್ವಾ. ಅದೇ ಕಾಲಕ್ಕೆ ಅದೇ ಪೋರ್ಚುಗೀಸರು 1510ರಲ್ಲಿ ನಮ್ಮ ಪಕ್ಕದ ಗೋವಾ ಹಿಡಿದು ಕೃಷ್ಣದೇವರಾಯನಿಗೆ ಕುದುರೆ ಮಾರ್ತಿದ್ರು, ಬೆನಿನ್‌ನವರು ನೋಡಿದ್ರೆ ಅವರನ್ನ ಸಾಲಾಗಿ ಕೂರಿಸಿ ಅಮ್ಮನ ತಲೆಗೆ ಒಡವೆ ಮಾಡ್ಬಿಟ್ಟಿದ್ದಾರೆ.

1897ರಲ್ಲಿ ಬ್ರಿಟಿಷ್ ಸೇನೆ ಬೆನಿನ್‌ಗೆ ನುಗ್ಗಿತು. ತಮ್ಮ ಅಧಿಕಾರಿಗಳನ್ನ ಕೊಂದಿದ್ದಕ್ಕೆ ಶಿಕ್ಷೆ ಅಂತ ಅದಕ್ಕೆ ಹೆಸರು, ನನ್ನ ಕೇಳಿದ್ರೆ ಲೂಟಿ. ಅರಮನೆ ದೋಚಿದ್ರು, ಊರು ಸುಟ್ಟುಹೋಯ್ತು, ಓಬಾ ಒವೊನ್ರಾಮ್ವೆನ್‌ನ ಕಲಬಾರ್‌ಗೆ ಗಡಿಪಾರು ಮಾಡಿದ್ರು, ಅಲ್ಲೇ 1914ರಲ್ಲಿ ತೀರ್ಕೊಂಡ. ಈ ಮುಖಗಳು ಸಿಕ್ಕಿದ್ದು ಅವನ ಮಲಗೋ ಕೋಣೆಯ ಪೆಟ್ಟಿಗೇಲಿ. ಯೋಚನೆ ಮಾಡಿ, ಮುನ್ನೂರಕ್ಕೂ ಜಾಸ್ತಿ ವರ್ಷ ಆಗಿದ್ರೂ ಹಾಸಿಗೆ ಹತ್ರಾನೇ ಇಟ್ಕೊಂಡಿದ್ರು.

1977ರಲ್ಲಿ ಲಾಗೋಸ್‌ನಲ್ಲಿ ಆಫ್ರಿಕನ್ ಕಲೆಗಳ ದೊಡ್ಡ ಉತ್ಸವ ಆಯ್ತು, ಫೆಸ್ಟಾಕ್ ಅಂತ. ಈ ಮುಖಾನ ಸ್ವಲ್ಪ ದಿನಕ್ಕೆ ಕೊಟ್ಟಿರಿ ಅಂತ ನೈಜೀರಿಯಾ ಲಂಡನ್ನಿನ ಮ್ಯೂಸಿಯಂನವರನ್ನ ಕೇಳ್ತು. ಕೊಡ್ಲಿಲ್ಲ. ಆದ್ರೂ ಉತ್ಸವದ ಲಾಂಛನ ಅದೇ ಮುಖ. ಅಮ್ಮ ಬರ್ಲಿಲ್ಲ, ಊರ ತುಂಬಾ ಪೋಸ್ಟರ್‌ನಲ್ಲಿ ಮಾತ್ರ ಅವಳೇ.