ಲೀಸ್ ಮನೆ ಹಿಡಿಯೋ ಮುಂಚೆ ಇಸಿ ತೆಗೆಸಿ

ಇದು ವಿಜಯನಗರದ ಒಂದು ಅಡ್ಡರಸ್ತೆ. ಆ ಗೇಟಿನ ಬೋರ್ಡ್ ನೋಡಿ: 'ಮನೆ ಲೀಸ್‌ಗೆ ಇದೆ, 2 ಬಿಎಚ್‌ಕೆ, ಸಣ್ಣ ಕುಟುಂಬಕ್ಕೆ ಮಾತ್ರ'. ಕೆಳಗಿನ ಫೋನ್ ನಂಬರ್ ಬ್ಲರ್ ಮಾಡಿದ್ದೇನೆ. ನನ್ನ ತಂಗಿ, ಅವಳ ಗಂಡ ಮನೆ ಹುಡುಕುತ್ತಿದ್ದಾರೆ. ಭಾನುವಾರ ಬಂತು ಅಂದರೆ ಅವರಿಬ್ಬರೂ ಸ್ಕೂಟರ್‌ನಲ್ಲಿ ಮುಂದೆ, ನಾನು ಕ್ಯಾಮೆರಾ ಹಿಡಿದು ಹಿಂದೆ.

ಬೆಂಗಳೂರಿಗೆ ಹೊಸಬರಾಗಿದ್ದರೆ ಲೀಸ್ ಲೆಕ್ಕ ಕೇಳಿ. ತಿಂಗಳ ಬಾಡಿಗೆ ಇಲ್ಲ. ಹದಿನೈದೋ ಇಪ್ಪತ್ತೋ ಲಕ್ಷ ಒಂದೇ ಸಲ ಓನರ್ ಕೈಗೆ ಕೊಡಬೇಕು. ಎರಡು ಮೂರು ವರ್ಷ ಇದ್ದು ಖಾಲಿ ಮಾಡುವಾಗ ಅಷ್ಟೂ ದುಡ್ಡು ವಾಪಸ್. ಹಳಬರು ಭೋಗ್ಯಕ್ಕೆ ಹಾಕಿಕೊಳ್ಳೋದು ಅನ್ನುತ್ತಿದ್ದರು.

ಈ ಮನೆ ಓನರ್ ಒಳ್ಳೆಯವರೇ, ಕಾಫಿ ಎಲ್ಲಾ ಕೊಟ್ಟರು. ತಂಗಿ ಮೆಲ್ಲಗೆ ಕೇಳಿದಳು: "ಅಂಕಲ್, ಮನೆ ಮೇಲೆ ಲೋನ್ ಏನಾದ್ರೂ ಇದೆಯಾ?"

"ಇದ್ರೆ ನಿಂಗೇನಮ್ಮಾ? ಕಟ್ಟೋನು ನಾನು ತಾನೇ?"

ಮೇಲ್ನೋಟಕ್ಕೆ ಸರಿಯಾದ ಮಾತೇ. ತಿಂಗಳ ಬಾಡಿಗೆಗೆ ಹೋಗುವವರು ಈ ಪ್ರಶ್ನೆ ಕೇಳದಿದ್ದರೂ ನಡೆದೀತು. ಲೀಸ್‌ನವರು ಮಾತ್ರ ಮೊದಲು ಕೇಳಬೇಕಾದ್ದೇ ಇದು.

ಯಾಕೆ ಅಂತೀರಾ? ಓನರ್ ಸಾಲ ಕಟ್ಟಲಿಲ್ಲ ಅಂದುಕೊಳ್ಳಿ. ಸರ್ಫೇಸಿ ಅಂತ 2002ರ ಕಾಯ್ದೆ ಇದೆ. ಅದರ ಪ್ರಕಾರ ಬ್ಯಾಂಕು ಸಿವಿಲ್ ಕೋರ್ಟಿಗೆ ದಾವೆ ಹಾಕದೆಯೇ ಮನೆಯನ್ನು ವಶಕ್ಕೆ ತಗೊಂಡು ಹರಾಜು ಹಾಕಬಹುದು. ಮೊದಲು 60 ದಿನದ ನೋಟಿಸ್ ಕೊಡುತ್ತಾರೆ. ಅದು ಹೋಗೋದು ಸಾಲಗಾರನಿಗೆ, ಮನೆಯಲ್ಲಿರುವ ನಿಮಗಲ್ಲ. ನಿಮಗೆ ಗೊತ್ತಾಗುವ ಹೊತ್ತಿಗೆ ಗೋಡೆಗೆ ಚೀಟಿ ಅಂಟಿಸಿ ಹೋಗಿರುತ್ತಾರೆ. ನೋಂದಣಿ ಆಗದ ಕರಾರು ಪತ್ರ ಇಟ್ಟುಕೊಂಡು ಒಂದು ವರ್ಷಕ್ಕಿಂತ ಜಾಸ್ತಿ ಇರುವ ಹಕ್ಕನ್ನು ಬ್ಯಾಂಕಿನ ಎದುರು ಸಾಧಿಸಲು ಆಗಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹರಾಜಿನ ದುಡ್ಡು ಮೊದಲು ಬ್ಯಾಂಕಿನ ಬಾಕಿಗೆ ಹೋಗುತ್ತದೆ. ನಿಮ್ಮ ಹದಿನೈದು ಲಕ್ಷಕ್ಕೆ ಓನರ್ ಮೇಲೆ ಕೇಸು ಹಾಕಿ ಕಾಯಬೇಕು. ಸಾಲ ಕಟ್ಟಲಾಗದೆ ಕೂತ ಮನುಷ್ಯ ಎಲ್ಲಿಂದ ತಂದು ಕೊಡುತ್ತಾನೆ ಹೇಳಿ.

ಹಾಗಾಗಿ ಲೀಸ್‌ಗೆ ಹೋಗುವವರು ಮನೆ ಕೊಳ್ಳುವವರ ಹಾಗೇ ಕಾಗದ ನೋಡಬೇಕು ಅನ್ನೋದು ನನ್ನ ವಾದ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ ಸಿಗುತ್ತದೆ. ಋಣಭಾರ ಪ್ರಮಾಣಪತ್ರ ಅಂತಾರಲ್ಲ, ಅದೇ. ಸ್ಕ್ರೀನ್ ಮೇಲೆ ಮಾದರಿಗೆ ಒಂದು ಹಾಕಿದ್ದೇನೆ, ಹೆಸರುಗಳನ್ನು ಮುಚ್ಚಿದ್ದೇನೆ. ಕ್ರಯ, ದಾನ, ವಿಭಾಗ, ಅಡಮಾನ, ನೋಂದಣಿಯಾಗಿದ್ದೆಲ್ಲ ಸಾಲಾಗಿ ಬರುತ್ತದೆ. ಮೂಲಪತ್ರ ಬ್ಯಾಂಕಿನಲ್ಲಿಟ್ಟು ತಗೊಂಡ ಸಾಲ ಕೆಲವು ಸಲ ಇಲ್ಲಿ ಕಾಣಿಸದೇ ಇರಬಹುದು. ಅದಕ್ಕೆ ಸೆರ್ಸಾಯ್ ಅನ್ನುವ ಕೇಂದ್ರ ದಾಖಲೆ ಇದೆ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಇನ್ನೂ ಸುಲಭದ್ದು, ಒರಿಜಿನಲ್ ಕ್ರಯಪತ್ರ ತೋರಿಸಿ ಅನ್ನಿ. ಜೆರಾಕ್ಸ್ ಮಾತ್ರ ಕೈಗೆ ಬಂದರೆ ಒರಿಜಿನಲ್ ಎಲ್ಲಿದೆ ಅಂತ ಕೇಳಿ. ಮುಜುಗರ ಪಡಬೇಡಿ, ದುಡ್ಡು ನಿಮ್ಮದು.

ಇನ್ನು 11 ತಿಂಗಳ ಅಗ್ರಿಮೆಂಟ್. ಒಂದು ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿ ಆಗಲೇಬೇಕು ಅಂತ ಕಾನೂನಿದೆ. ಶುಲ್ಕ ಉಳಿಸೋಕೆ, ಸಬ್ ರಿಜಿಸ್ಟ್ರಾರ್ ಆಫೀಸಿನ ಓಡಾಟ ತಪ್ಪಿಸೋಕೆ ಎಲ್ಲರೂ ಹನ್ನೊಂದಕ್ಕೇ ನಿಲ್ಲಿಸುತ್ತಾರೆ. ಬಾಡಿಗೆಗೆ ಅದು ಸಾಕು. ಭೋಗ್ಯದ ಅಡಮಾನ ಅಂತಲೇ ಬರೆದು, ಇಬ್ಬರು ಸಾಕ್ಷಿ ಹಾಕಿಸಿ, ನೋಂದಣಿ ಮಾಡಿಸಿದರೆ ಕಥೆ ಬೇರೆ. ನಿಮ್ಮ ಹೆಸರು ಇಸಿಯಲ್ಲಿ ಬರುತ್ತದೆ, ದುಡ್ಡು ವಾಪಸ್ ಬರುವವರೆಗೆ ಮನೆಯೇ ನಿಮ್ಮ ಅಡವು. ಅದಕ್ಕಿಂತ ಮುಂಚಿನ ಬ್ಯಾಂಕ್ ಸಾಲ ಇದ್ದರೆ ಮಾತ್ರ ಬ್ಯಾಂಕೇ ಮೊದಲು.

ಓನರ್‌ಗಳ ಭಯವೂ ಸುಮ್ನೆ ಹುಟ್ಟಿದ್ದಲ್ಲ. ಬಾಡಿಗೆ ಕೊಡದೆ ಕೂತವರನ್ನು ಕೋರ್ಟಿನ ಮೂಲಕ ಎಬ್ಬಿಸೋಕೆ ವರ್ಷಗಟ್ಟಲೆ ಬೇಕಾಗುತ್ತದೆ. ಆದರೆ 'ಹನ್ನೆರಡು ವರ್ಷ ಇದ್ದರೆ ಮನೆ ಅವರದ್ದೇ ಆಗುತ್ತೆ' ಅನ್ನೋದು ಬರೀ ಗಾಳಿಮಾತು. ಒಪ್ಪಿಗೆ ಪಡೆದು ಬಾಡಿಗೆಗೆ ಬಂದವರು ಎಷ್ಟು ವರ್ಷ ಇದ್ದರೂ ಬಾಡಿಗೆದಾರರೇ. ಹಾಗಂತ ಓನರ್ ಕರೆಂಟ್ ಕಿತ್ತು, ಬೀಗ ಬದಲಾಯಿಸಿ ಓಡಿಸುವ ಹಾಗೂ ಇಲ್ಲ. ಹಾಗೆ ಹೊರಹಾಕಿದರೆ ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮನೆಯ ಸ್ವಾಧೀನ ವಾಪಸ್ ಕೇಳಬಹುದು.

ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆಯಲ್ಲ ಅಂತ ಕೇಳಬಹುದು. ಅದು ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸಲ್ಲ. ಈಗ ಆ ದುಡ್ಡಿಗೆ ಪಿಜಿಯಲ್ಲಿ ಒಂದು ಮಂಚವೂ ಕಷ್ಟ! ನಮ್ಮಂಥವರಿಗೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ.

ಆ ಹಳೇ ಕಾಯ್ದೆಯಲ್ಲೂ ಉಪಯೋಗಕ್ಕೆ ಬರೋದು ಇದೆ. ಹಿಂದಿನ ಮನೆ ಬಿಡುವಾಗ ನಮ್ಮ ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆ ಅಂತ ಪೂರ್ತಿ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಗೋಡೆಯಲ್ಲಿ ಕ್ಯಾಲೆಂಡರಿನ ಎರಡು ಮೊಳೆ ತೂತು, ಒಗ್ಗರಣೆ ಹೊಗೆಗೆ ಅಡುಗೆಮನೆ ಕಿಟಕಿ ಮೇಲೆ ಸ್ವಲ್ಪ ಹಳದಿ, ಅಷ್ಟೇ ಆಗಿದ್ದದ್ದು. ಕಾಯ್ದೆಯ 108ನೇ ಕಲಂ ಪ್ರಕಾರ ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆ ಅಲ್ಲ. ಆದರೆ ಅಗ್ರಿಮೆಂಟಿನಲ್ಲಿ 'ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಡಿತ' ಅಂತ ಇದ್ದು ನೀವು ಸಹಿ ಹಾಕಿದ್ದರೆ, ಆ ಮಾತೇ ನಡೆಯುತ್ತದೆ. ಆ ಸಾಲು ಹೊಡೆಸಿ, ಇಲ್ಲವಾದರೆ 'ನಿಜವಾಗಿ ಆದ ಖರ್ಚು, ಬಿಲ್ ಸಮೇತ' ಅಂತ ಬರೆಸಿ. ಕೀ ತಗೊಂಡ ದಿನವೇ ಗೋಡೆ, ನಲ್ಲಿ, ಬಾಗಿಲು ಎಲ್ಲಾ ವಿಡಿಯೊ ಮಾಡಿ ಓನರ್‌ಗೂ ವಾಟ್ಸಾಪ್ ಮಾಡಿ.

ಫ್ಲಾಟ್ ಕೊಳ್ಳುವವರಿಗೆ ಎರಡೇ ಮಾತು. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅದರ ವ್ಯಾಪ್ತಿಗೆ ಬರುವ ಪ್ರಾಜೆಕ್ಟ್ ಆಗಿದ್ದರೆ, ಮಾರಾಟದ ಕರಾರು ನೋಂದಣಿ ಆಗುವ ಮುಂಚೆ ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ದುಡ್ಡು ತಗೊಳ್ಳುವ ಹಾಗಿಲ್ಲ. ಇನ್ನೊಂದು, ಖಾತಾ ಅಂದರೆ ಕಂದಾಯದ ದಾಖಲೆ, ಅದು ಎ ಆಗಲಿ ಬಿ ಆಗಲಿ ಮಾಲೀಕತ್ವದ ಪತ್ರ ಅಲ್ಲ. ಓಸಿ, ಅಂದರೆ ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ, ಇದೆಯಾ ಅಂತ ಕೇಳೋದನ್ನು ಮಾತ್ರ ಮರೆಯಬೇಡಿ.

ಕಾಫಿ ಕೊಟ್ಟ ಅಂಕಲ್ ಮನೆ ಇಸಿ ತೆಗೆಸಿದೆವು. ಅಡಮಾನ ಇತ್ತು, ತೀರಿದ ದಾಖಲೆ ಇರಲಿಲ್ಲ. "ಬಾಡಿಗೆನೇ ವಾಸಿ ಬಿಡಣ್ಣ" ಅಂದಳು ತಂಗಿ. ಈಗ ಹುಡುಕಾಟ ಮತ್ತೆ ಶುರು. ವಿಜಯನಗರ, ಆರ್‌ಪಿಸಿ ಲೇಔಟ್ ಕಡೆ, ಹದಿನೆಂಟು ಸಾವಿರದೊಳಗೆ, ಕಾವೇರಿ ನೀರು ಬರುವ ಮನೆ ಯಾವುದಾದರೂ ಇದ್ದರೆ ಹೇಳಿ. ಬ್ರೋಕರ್‌ಗಳು ದಯವಿಟ್ಟು ಬೇಡ.