ಒಂದೇ ಒಂಟೆ ಏರಿದವರು: ಜೊತೆಯಲ್ಲಿ ದುಡಿಯುವವರನ್ನು ಜಗತ್ತು ಏನೆಂದು ಕರೆಯುತ್ತದೆ?

[ದೃಶ್ಯ: ದಾವಣಗೆರೆ ಎಪಿಎಂಸಿ ಯಾರ್ಡ್, ಬೆಳಿಗ್ಗೆ. ಲಾರಿ ಪಕ್ಕ ಮೆಕ್ಕೆಜೋಳದ ಚೀಲಗಳು.]

ಇಲ್ಲಿ ನೋಡಿ. ಇಬ್ಬರು ಚೀಲದ ಎರಡು ಕಿವಿ ಹಿಡಿದರು. ಮೂರನೆಯವರು ಬೆನ್ನು ಬಗ್ಗಿಸಿ ನಿಂತರು. "ಹೂಂ" ಅಂದದ್ದೇ ತಡ, ಚೀಲ ಬೆನ್ನ ಮೇಲೆ. ಅವರು ಹಲಗೆ ಹತ್ತಿ ಲಾರಿ ಒಳಗೆ ಹೋಗುವಷ್ಟರಲ್ಲಿ ಇನ್ನೊಬ್ಬರ ಬೆನ್ನು ಬಗ್ಗಿರುತ್ತದೆ. ಮಾತಿಲ್ಲ ಕತೆಯಿಲ್ಲ. ಆದರೆ ಎತ್ತಿಕೊಡುವ ಕೈ ಒಂದಿಷ್ಟು ಹೆಚ್ಚುಕಮ್ಮಿ ಆದರೂ ಹೊರುವವರ ಸೊಂಟ ಹಿಡಿದುಕೊಳ್ಳುತ್ತದೆ.

ಮೊನ್ನೆ ಇಲ್ಲೇ ಒಬ್ಬರನ್ನು ಕೇಳಿದೆ. "ಅಣ್ಣಾ, ಇವರೆಲ್ಲ ನಿಮಗೆ ಏನಾಗಬೇಕು?" ಅವರು ಟವೆಲಿನಿಂದ ಮುಖ ಒರೆಸಿಕೊಂಡು ಹೇಳಿದರು: "ನಮ್ ಜೊತೆಯವ್ರು."

ಸಹೋದ್ಯೋಗಿ ಅನ್ನಲಿಲ್ಲ. ಯಾರೂ ಅನ್ನುವುದಿಲ್ಲ. ಆ ಪದ ಎಪಿಎಂಸಿ ಆಫೀಸಿನ ಒಳಗೆ, ಮೇಜು ಕುರ್ಚಿ ಇರುವ ಕಡೆ ಇದೆ. ಹತ್ತು ಮಾರು ದೂರದ ಈ ಯಾರ್ಡಿಗೆ ಇನ್ನೂ ಬಂದಿಲ್ಲ.

ಅಂದಿನಿಂದ ಈ ವಿಷಯ ನನ್ನ ತಲೆಯಲ್ಲೇ ಸುತ್ತುತ್ತಿತ್ತು. ಬೇರೆ ಭಾಷೆಯವರು ತಮ್ಮ ಜೊತೆ ಕೆಲಸ ಮಾಡುವವರನ್ನು ಏನೆಂದು ಕರೆಯುತ್ತಾರೆ? ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

[ದೃಶ್ಯ: ನಿರೂಪಕರು ಕ್ಯಾಮೆರಾ ಮುಂದೆ.]

ನಮಸ್ಕಾರ. ಮೊದಲು ನಾವೆಲ್ಲ ಬಳಸುವ 'ಕಲೀಗ್' ಪದವನ್ನೇ ತಗೊಳ್ಳೋಣ. ಇಂಗ್ಲಿಷಿಗೆ ಅದು ಬಂದದ್ದು ಫ್ರೆಂಚ್‌ನಿಂದ, ಫ್ರೆಂಚ್‌ಗೆ ಲ್ಯಾಟಿನ್‌ನಿಂದ. ಲ್ಯಾಟಿನ್‌ನಲ್ಲಿ 'ಕೊಲ್ಲೇಗ' ಅಂದರೆ ಜೊತೆಗೆ ನೇಮಕವಾದವನು. ಹಳೆಯ ರೋಮ್‌ನಲ್ಲಿ ಪ್ರತಿ ವರ್ಷ ಇಬ್ಬರು ಕಾನ್ಸಲ್‌ಗಳನ್ನು, ಅಂದರೆ ರಾಜ್ಯದ ಅತಿ ದೊಡ್ಡ ಅಧಿಕಾರಿಗಳನ್ನು, ಆರಿಸುತ್ತಿದ್ದರು. ಒಬ್ಬರಿಗೆ ಇನ್ನೊಬ್ಬರು ಕೊಲ್ಲೇಗ. ಅಧಿಕಾರ ಇಬ್ಬರಿಗೂ ಸಮ. ಒಬ್ಬರು ಹೊರಡಿಸಿದ ಆದೇಶವನ್ನು ಇನ್ನೊಬ್ಬರು ತಡೆಯಬಹುದಿತ್ತು. ಅಂದರೆ ಇದು ಹುಟ್ಟಿನಿಂದಲೇ ಅಧಿಕಾರದವರ ಪದ. ನಮ್ಮ ಊರಿನ 'ಕಾಲೇಜು' ಕೂಡ ಇದೇ ಬೇರಿನಿಂದ ಬಂದದ್ದು. ಇಂಥ ಕೊಲ್ಲೇಗರ ಕೂಟವೇ 'ಕೊಲ್ಲೇಗಿಯುಮ್', ಅದೇ ಮುಂದೆ ಕಾಲೇಜು ಆಯಿತು.

ಆದರೆ ಅದೇ ಲ್ಯಾಟಿನ್‌ನಲ್ಲಿ ಹುಟ್ಟಿದ ಇನ್ನೊಂದು ಪದ ನನಗೆ ಇದಕ್ಕಿಂತ ಇಷ್ಟ. 'ಕಂಪನಿ'. ನಮ್ಮಲ್ಲಿ ನಾಟಕದವರೂ ಕಂಪನಿ, ಬೀಡಿಯವರೂ ಕಂಪನಿ, ಸಾಫ್ಟ್‌ವೇರಿನವರೂ ಕಂಪನಿ. ಅದರ ಒಳಗೆ 'ಪಾನಿಸ್' ಎಂಬ ಪದ ಕೂತಿದೆ. ಪಾನಿಸ್ ಅಂದರೆ ರೊಟ್ಟಿ. ಒಂದೇ ರೊಟ್ಟಿ ಹಂಚಿಕೊಂಡು ತಿಂದವರು ಕಂಪನಿ. ಸ್ಪ್ಯಾನಿಷ್‌ನಲ್ಲಿ ಇವತ್ತಿಗೂ ಜೊತೆ ಕೆಲಸಗಾರ ಅನ್ನಲು 'ಕೊಂಪಾನ್ಯೇರೊ ದೆ ತ್ರಬಾಹೊ' ಎನ್ನುತ್ತಾರೆ. ಕೆಲಸದಲ್ಲಿ ರೊಟ್ಟಿ ಹಂಚಿಕೊಂಡವನು ಅಂತ ಆಯಿತು.

ಮಧ್ಯಾಹ್ನ ಹೊಲದ ಬದುವಿನಲ್ಲಿ, ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತವರನ್ನು ನೀವು ನೋಡಿರುತ್ತೀರಿ. ಒಬ್ಬರ ರೊಟ್ಟಿ, ಇನ್ನೊಬ್ಬರ ಶೇಂಗಾ ಚಟ್ನಿ, ಮತ್ತೊಬ್ಬರ ಪುಂಡಿಪಲ್ಯ. ಯಾರದ್ದು ಯಾರ ತಟ್ಟೆಯಲ್ಲಿ ಅಂತ ಲೆಕ್ಕವೇ ಇರುವುದಿಲ್ಲ. ಲ್ಯಾಟಿನ್ ಗೊತ್ತಿಲ್ಲದೆ ಅವರು ಆ ಪದದ ಅರ್ಥವನ್ನು ದಿನಾ ಬದುಕುತ್ತಾರೆ.

'ಕಾಮ್ರೇಡ್' ಕೂಡ ಹೀಗೇ. ಸ್ಪ್ಯಾನಿಷ್‌ನ 'ಕಾಮರ' ಅಂದರೆ ಕೋಣೆ. ಒಂದೇ ಕೋಣೆಯಲ್ಲಿ ಮಲಗಿದ ಸಿಪಾಯಿಗಳು ಕಾಮ್ರೇಡ್‌ಗಳು. ರಷ್ಯನ್ನರು ಅದಕ್ಕೆ 'ತವಾರಿಶ್' ಎನ್ನುತ್ತಿದ್ದರು. ಆ ಪದದಲ್ಲಿರುವ 'ತವಾರ್' ಅಂದರೆ ಸರಕು, ಮಾಲು. ಐಸ್‌ಲ್ಯಾಂಡಿನವರು 'ವಿನ್ನುಫೇಲಗಿ' ಎನ್ನುತ್ತಾರೆ. ವಿನ್ನ ಅಂದರೆ ಕೆಲಸ. 'ಫೇ' ಅಂದರೆ ಹಳೆಯ ಕಾಲದಲ್ಲಿ ದನಕರು, ಆಮೇಲೆ ದುಡ್ಡು. ತಮ್ಮ ತಮ್ಮ ಆಸ್ತಿ ಒಂದೆಡೆ ಹಾಕಿ ಕೂಡಿ ವ್ಯಾಪಾರ ಮಾಡಿದವರು ಫೇಲಗಿ. ಇಂಗ್ಲಿಷಿನ 'ಫೆಲೊ' ಅಲ್ಲಿಂದಲೇ ಬಂದದ್ದು.

ಕೋಣೆ, ಸರಕು, ದನ, ರೊಟ್ಟಿ. ಮುಂದೆ ಅಂಟಿದ 'ವಿನ್ನ' ಬಿಟ್ಟರೆ ಈ ಪದಗಳ ಬೇರಲ್ಲಿ ಕೆಲಸದ ಸುದ್ದಿಯೇ ಇಲ್ಲ, ಗಮನಿಸಿದಿರಾ?

[ದೃಶ್ಯ: ಮತ್ತೆ ಯಾರ್ಡ್. ಬೆನ್ನ ಮೇಲೆ ಚೀಲ, ಹತ್ತಿರದಿಂದ.]

ಈಗ ಅರೇಬಿಕ್‌ಗೆ ಬರೋಣ. ನಮ್ಮ 'ಹಮಾಲಿ' ಪದವೇ ಅಲ್ಲಿಯದು. 'ಹಮ್ಮಾಲ್' ಅಂದರೆ ಹೊರುವವನು. ಎಲ್ಲೋ ದೂರದ ಮರುಭೂಮಿಯ ಪದ ಪರ್ಷಿಯನ್, ಹಿಂದೂಸ್ತಾನಿ, ಮರಾಠಿ ಅಂತ ದಾಟಿಕೊಂಡು ನಮ್ಮ ಯಾರ್ಡಿನ ತನಕ ನಡೆದು ಬಂದಿದೆ. ಆದರೆ ಅದೇ ಭಾಷೆಯ ಇನ್ನೊಂದು ಪದ ನಮ್ಮವರೆಗೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

ಆ ಪದ 'ಝಮೀಲ್'. ಈಗ ಅರಬರು ಆಫೀಸಿನಲ್ಲಿ ಜೊತೆ ಕೆಲಸ ಮಾಡುವವರಿಗೆ ಇದನ್ನೇ ಹೇಳುತ್ತಾರೆ. ಹೆಂಗಸಾದರೆ 'ಝಮೀಲಾ'. ಹಳೆಯ ಅರೇಬಿಕ್‌ನಲ್ಲಿ ಝಮೀಲ್ ಅಂದರೆ ಒಂದೇ ಒಂಟೆಯ ಮೇಲೆ ನಿಮ್ಮ ಜೊತೆ ಕೂತು ಬರುವವನು. ಒಂಟೆಯ ಈ ಪಕ್ಕ ಒಬ್ಬರ ಭಾರ, ಆ ಪಕ್ಕ ಇನ್ನೊಬ್ಬರ ಭಾರ. ಎರಡೂ ತೂಗಬೇಕು. ಒಬ್ಬರು ಸುಮ್ನೆ ಇಳಿದು ಹೋದರೆ ಇನ್ನೊಬ್ಬರ ಕಡೆ ವಾಲುತ್ತದೆ. ಮರುಭೂಮಿಯಲ್ಲಿ ಅದು ಜೀವದ ಪ್ರಶ್ನೆ.

ಚೀಲದ ಒಂದು ಕಿವಿ ಹಿಡಿದವರಿಗೆ ಇನ್ನೊಂದು ಕಿವಿ ಹಿಡಿದವರು ಏನಾಗಬೇಕು? ಝಮೀಲ್. ಇದಕ್ಕಿಂತ ಸರಿಯಾದ ಪದ ನನಗೆ ಯಾವ ಭಾಷೆಯಲ್ಲೂ ಕಾಣಲಿಲ್ಲ.

ಟರ್ಕಿಯವರದ್ದು ಇದಕ್ಕೆ ಹತ್ತಿರ. 'ಇಶ್ ಅರ್ಕದಾಶಿ' ಅಂದರೆ ಕೆಲಸದ ಗೆಳೆಯ. 'ಇಶ್' ಕೆಲಸ, 'ಅರ್ಕದಾಶ್' ಗೆಳೆಯ. ಈ ಗೆಳೆಯನ ಒಳಗೆ 'ಅರ್ಕ' ಇದೆ, ಅಂದರೆ ಬೆನ್ನು. 'ದಾಶ್' ಎಂಬ ಬಾಲ ಸೇರಿದರೆ 'ಅದರಲ್ಲಿ ಪಾಲಿರುವವನು' ಅಂತ ಅರ್ಥ. 'ಯೋಲ್' ಅಂದರೆ ದಾರಿ, 'ಯೋಲ್ದಾಶ್' ದಾರಿಯ ಜೊತೆಗಾರ. 'ಅರ್ಕದಾಶ್' ಬೆನ್ನಿಗಿರುವವನು. ನಾವೂ ಹೇಳುತ್ತೇವಲ್ಲ, "ನಿನ್ನ ಬೆನ್ನಿಗೆ ನಾನಿದ್ದೀನಿ" ಅಂತ.

ಇದೇ ದಾಶ್ ಸೇರಿ ಅಣ್ಣ ತಮ್ಮ ಅಕ್ಕ ತಂಗಿಯರಿಗೂ ಒಂದು ಪದ ಇದೆ. 'ಕರಿನ್' ಅಂದರೆ ಹೊಟ್ಟೆ, ಬಸಿರು. 'ಕರಿಂದಾಶ್', ಈಗ ಸವೆದು 'ಕಾರ್ದೆಶ್' ಆಗಿದೆ. ಒಂದೇ ಬಸಿರನ್ನು ಹಂಚಿಕೊಂಡವರು.

ಇಲ್ಲಿ ಸ್ವಲ್ಪ ನಿಲ್ಲೋಣ. ಯಾಕೆಂದರೆ ಇಲ್ಲಿಂದ ದಾರಿ ನಮ್ಮ ಮನೆಗೇ ಬರುತ್ತದೆ.

[ಪರದೆಯ ಮೇಲೆ: ಸಹ + ಉದರ = ಸಹೋದರ. ಸಹ + ಉದ್ಯೋಗಿ = ಸಹೋದ್ಯೋಗಿ.]

ಹೈಸ್ಕೂಲಿನ ವ್ಯಾಕರಣ ನೆನಪಿದೆಯಾ? ಅಕಾರದ ಮುಂದೆ ಉಕಾರ ಬಂದರೆ ಓಕಾರ. ಗುಣಸಂಧಿ. ಉದರ ಅಂದರೆ ಹೊಟ್ಟೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು ಸಹೋದರ. ಟರ್ಕಿಯವರು ಯೋಚಿಸಿದ ಹಾಗೇ ಸಂಸ್ಕೃತದವರೂ ಯೋಚಿಸಿದರು. ಸಹೋದ್ಯೋಗಿಯೂ ಅದೇ ಅಚ್ಚಿನಲ್ಲಿ ತೆಗೆದ ಪದ. ಹೊಟ್ಟೆಯ ಜಾಗದಲ್ಲಿ ಉದ್ಯೋಗ ಬಂದಿದೆ, ಅಷ್ಟೇ.

ಗ್ರೀಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗ್ರೀಕ್‌ನಲ್ಲಿ 'ದೆಲ್ಫಿಸ್' ಅಂದರೆ ಗರ್ಭ. 'ಅದೆಲ್ಫೋಸ್' ಅಂದರೆ ಒಂದೇ ಗರ್ಭದವನು, ಅಣ್ಣ ಅಥವಾ ತಮ್ಮ. ಅದರ ಹಿಂದೆ 'ಸಿನ್', ಅಂದರೆ 'ಕೂಡ' ಅಂತ ಸೇರಿಸಿ 'ಸಿನಾದೆಲ್ಫೋಸ್' ಮಾಡಿದರು. ಇವತ್ತು ಗ್ರೀಸ್‌ನ ಯಾವ ಬ್ಯಾಂಕಿಗೆ, ಯಾವ ಶಾಲೆಗೆ ಹೋದರೂ ಜೊತೆ ಕೆಲಸದವರಿಗೆ ಇದೇ ಪದ. ತಾಯಿಯ ಬಸಿರು ಅವರ ಆಫೀಸಿನ ತನಕ ಬಂದಿದೆ.

ನಾವೂ ಅದನ್ನೇ ಮಾಡುತ್ತೇವೆ. ಪದದಲ್ಲಿ ಅಲ್ಲ, ಕರೆಯುವಾಗ. ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಒಮ್ಮೆ ಹೋಗಿ ನಿಂತು ನೋಡಿ. ಬಾಣಲೆಯಲ್ಲಿ ಮರಳು ಕಾದು ಕೆಂಡದ ಹಾಗೆ ಆಗಿರುತ್ತದೆ. ಒಬ್ಬರು ಅಕ್ಕಿ ಸುರಿಯುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಚಟಪಟ ಅಂತ ಅರಳಿಬಿಡುತ್ತದೆ. ತಕ್ಷಣ ಜರಡಿಗೆ ಬೀಳಬೇಕು, ಇಲ್ಲದಿದ್ದರೆ ಕೆಂಪಾಗುತ್ತದೆ. ಆ ಹೊಗೆಯಲ್ಲಿ ಕೇಳುವುದು ಒಂದೇ ಮಾತು: "ಅಕ್ಕಾ, ಜರಡಿ!" ಆಕೆ ಈಕೆಗೆ ಅಕ್ಕ ಅಲ್ಲ. ಊರು ಬೇರೆ, ಮನೆ ಬೇರೆ. ಆದರೂ ಅಕ್ಕ.

[ದೃಶ್ಯ: ನಿರೂಪಕರು.]

ಪರ್ಷಿಯನ್‌ನಲ್ಲಿ 'ಹಮ್‌ಕಾರ್'. ಇದು ಬಹಳ ಸುಲಭ. ಸಂಸ್ಕೃತದ 'ಸ' ಪರ್ಷಿಯನ್‌ನಲ್ಲಿ 'ಹ' ಆಗಿ ಕಾಣುತ್ತದೆ. ಸಪ್ತ ಅಲ್ಲಿ ಹಫ್ತ್, ಸಿಂಧು ಅಲ್ಲಿ ಹಿಂದು. ಹಾಗೇ ನಮ್ಮ 'ಸಮ' ಅಲ್ಲಿ 'ಹಮ್'. ಕಾರ್ ಅಂದರೆ ಕೆಲಸ, 'ಕಾರ್ಯ'ದ ನೆಂಟ. ಪರ್ಷಿಯನ್ ಕಲಿಯದೇ ನಿಮಗೆ ಒಂದು ಪರ್ಷಿಯನ್ ಪದ ಬಂತು.

ಇಲ್ಲಿಯವರೆಗೆ ಹೇಳಿದ ಪದಗಳಿಗೆಲ್ಲ ಹಿರಿಯ ಕಿರಿಯ ಅಂತ ಇಲ್ಲ. ಜಪಾನಿನಲ್ಲಿ ಅದು ಮುಖ್ಯ. 'ದೋರ್‍ಯೋ' ಅಂತ ಸಾಮಾನ್ಯ ಪದ ಇದೆ, ನಿಜ. ಆದರೆ ಮಾತಿನಲ್ಲಿ ಹೆಚ್ಚು ಕೇಳುವುದು ಮೂರು. ನಿಮಗಿಂತ ಮೊದಲು ಸೇರಿದವರು 'ಸೆಂಪಾಯ್'. ಆಮೇಲೆ ಸೇರಿದವರು 'ಕೋಹಾಯ್'. ನಿಮ್ಮ ಜೊತೆಗೇ, ಅದೇ ವರ್ಷ ಸೇರಿದವರು 'ದೋಕಿ'. ಅಲ್ಲಿ ದೊಡ್ಡ ಕಂಪನಿಗಳು ಹೊಸಬರನ್ನು ಏಪ್ರಿಲ್ 1ರಂದು ಒಟ್ಟಿಗೆ ಸೇರಿಸಿಕೊಳ್ಳುತ್ತವೆ. ಅವತ್ತು ಒಂದೇ ಹಾಲಿನಲ್ಲಿ ಕೂತವರು ಇಪ್ಪತ್ತು ವರ್ಷ ಕಳೆದರೂ ದೋಕಿಗಳೇ. ನಮ್ಮ ಮೇಷ್ಟ್ರುಗಳು, ಪೊಲೀಸರು "ನಾವಿಬ್ಬರೂ ಒಂದೇ ಬ್ಯಾಚ್" ಎನ್ನುವಾಗ ದನಿಯಲ್ಲಿ ಒಂದು ಸಲಿಗೆ ಇರುತ್ತದಲ್ಲ, ಅದೇ ಇದು.

ಹಾಗಾದರೆ ಕನ್ನಡದ್ದೇನು?

'ಸಹೋದ್ಯೋಗಿ' ಒಳ್ಳೆಯ ಪದ. ನನಗೆ ಅದರ ಮೇಲೆ ಸಿಟ್ಟಿಲ್ಲ. ಆದರೆ ಅದರಲ್ಲಿ 'ಉದ್ಯೋಗಿ' ಇದ್ದಾನೆ. ಉದ್ಯೋಗಿ ಅಂದರೆ ನಮ್ಮ ಕಿವಿಗೆ ಸಂಬಳ, ರಜೆ, ಐಡಿ ಕಾರ್ಡ್ ಇರುವವನು. ಕೂಲಿಗೆ ಹೋಗುವವರನ್ನು ನಾವು ಉದ್ಯೋಗಿ ಅನ್ನುವುದಿಲ್ಲ. ಹಾಗಾಗಿ ಅವರ ಜೊತೆಯವರೂ ಸಹೋದ್ಯೋಗಿ ಆಗುವುದಿಲ್ಲ. ದುಡಿಯುವವರಲ್ಲಿ ಜಾಸ್ತಿ ಜನ ಈ ಪದದಿಂದ ಹೊರಗೇ ಉಳಿದರು. ಇದು ನನಗೆ ಚುಚ್ಚುತ್ತದೆ.

ಹಾಗಂತ ಅವರಿಗೆ ಪದಗಳಿಲ್ಲ ಅಂತಲ್ಲ. ಕೆಂಪು ಬಸ್ಸಿನಲ್ಲಿ ನೋಡಿ. ಕಂಡಕ್ಟರ್ ಟಿಕೆಟ್ ಕೇಳಿದಾಗ ಸಾದಾ ಬಟ್ಟೆಯಲ್ಲಿ ಕೂತ ಒಬ್ಬರು "ಸ್ಟಾಫ್" ಎನ್ನುತ್ತಾರೆ. ಒಂದೇ ಪದ. ಕಂಡಕ್ಟರ್ ಮುಖ ಸಡಿಲವಾಗುತ್ತದೆ, ಯಾವ ಡಿಪೋ ಅಂತ ಮಾತು ಶುರು. ಇಂಗ್ಲಿಷಿನ 'ಸ್ಟಾಫ್' ಸಿಬ್ಬಂದಿಯ ಗುಂಪಿನ ಹೆಸರು. ನಮ್ಮ ಬಸ್ಸಿನಲ್ಲಿ ಅದು ಒಬ್ಬ ಮನುಷ್ಯನ ಹೆಸರಾಗಿದೆ.

ನಮ್ಮಜ್ಜ ಇದೇ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದವರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. ಯಾರಾದರೂ ಮನೆಗೆ ಬಂದರೆ ಅಜ್ಜ ಹೇಳುತ್ತಿದ್ದದ್ದು "ಇವ ನಮ್ಮ ಪಾಳಿಯವ" ಅಂತ. ಅವರು ರಾತ್ರಿ ಪಾಳಿಯವರು. ಊರು ಮಲಗಿದಾಗ ಎದ್ದಿದ್ದವರು, ಬೆಳಗಿನ ಜಾವ ಒಟ್ಟಿಗೆ ಚಹಾ ಕುಡಿದವರು. ಗಿರಣಿ ನಿಂತ ಮೇಲೂ ಆ ಹೆಸರು ಉಳಿದಿತ್ತು.

'ಒಡನಾಡಿ' ಅಂತ ಅಚ್ಚಗನ್ನಡ ಪದವೂ ಇದೆ. ಒಡಹುಟ್ಟಿದವರು ಎನ್ನುವಾಗಿನ 'ಒಡ'ವೇ ಅದರಲ್ಲೂ ಇರುವುದು.

[ದೃಶ್ಯ: ಚಳ್ಳಕೆರೆ ಕಡೆಯ ಒಂದು ಹೊಲ. ಕಿತ್ತ ಶೇಂಗಾ ಗಿಡಗಳ ಗುಡ್ಡೆ.]

ಆದರೆ ನಾನು ನಿಮಗೆ ಹೇಳಲೇಬೇಕು ಅಂದುಕೊಂಡ ಪದ ಬೇರೆ. 'ಮುಯ್ಯಾಳು'.

ಮುಯ್ಯಿ ನಿಮಗೆ ಗೊತ್ತು. ಮದುವೆಯಲ್ಲಿ ಓದಿಸುತ್ತೀವಲ್ಲ, ಅದು. ಅವರು ನಮಗೆ ಕೊಟ್ಟದ್ದನ್ನು ನಾವು ಅವರ ಮನೆ ಕಾರ್ಯಕ್ಕೆ ತಿರುಗಿ ಕೊಡುವುದು. "ಮುಯ್ಯಿಗೆ ಮುಯ್ಯಿ" ಅಂದರೆ ಈಗ ಸೇಡು ಅಂತಲೇ ಆಗಿದೆ. ಅದು ಈ ಪದಕ್ಕೆ ಆದ ಅನ್ಯಾಯ. ಮುಯ್ಯಾಳು ಅಂದರೆ ಇವತ್ತು ನನ್ನ ಹೊಲಕ್ಕೆ ನೀನು ಬಾ, ನಾಳೆ ನಿನ್ನ ಹೊಲಕ್ಕೆ ನಾನು ಬರುತ್ತೇನೆ ಅಂತ ಬರುವ ಆಳು. ಕೂಲಿ ಇಲ್ಲ. ದುಡ್ಡಿನ ಮಾತೇ ಇಲ್ಲ. ಒಂದು ದಿನಕ್ಕೆ ಒಂದು ದಿನ.

ಇದರಲ್ಲಿ ಯಜಮಾನ ಯಾರು, ಆಳು ಯಾರು? ಇವತ್ತು ಇವರು, ನಾಳೆ ಅವರು. ರೋಮ್‌ನ ಕಾನ್ಸಲ್‌ಗಳ ಸಮಾನತೆ, ಝಮೀಲ್‌ನ ತೂಕ, ಕಂಪನಿಯ ರೊಟ್ಟಿ, ಎಲ್ಲವೂ ಈ ಒಂದು ಪದದಲ್ಲಿ ಇದೆ ಅಂತ ನನಗೆ ಅನ್ನಿಸುತ್ತದೆ.

ಚಳ್ಳಕೆರೆ ತಾಲ್ಲೂಕಿನ ನಮ್ಮ ದೊಡ್ಡಮ್ಮನಿಗೆ ಹೀಗೊಬ್ಬರು ಮುಯ್ಯಾಳು ಇದ್ದರು. ಕಳೆ ತೆಗೆಯಲು, ಶೇಂಗಾ ಕೀಳಲು, ಬಿಡಿಸಲು ಇಬ್ಬರೂ ಜೊತೆ. ಒಬ್ಬರ ಸಾಲು ಹಿಂದೆ ಬಿದ್ದರೆ ಇನ್ನೊಬ್ಬರು ತಮ್ಮ ಸಾಲು ಮುಗಿಸಿ ಎದುರಿನಿಂದ ಕೀಳುತ್ತಾ ಬರುತ್ತಿದ್ದರಂತೆ, ನಡುವೆ ಸಿಗುವ ತನಕ. ಆಮೇಲೆ ದೊಡ್ಡಮ್ಮನ ಮಂಡಿ ನೋವು ಶುರುವಾಯಿತು. ಹೊಲಕ್ಕೆ ಹೋಗುವುದು ನಿಂತಿತು. ಕೊನೆಯ ವರ್ಷ ಆ ಮುಯ್ಯಾಳು ಬಂದು ಒಂದು ದಿನ ದುಡಿದು ಹೋಗಿದ್ದರು. ಆ ದಿನ ಇವರಿಂದ ತೀರಿಸಲು ಆಗಿರಲಿಲ್ಲ.

ಹೋದ ವಾರ ಊರಿಗೆ ಹೋದಾಗ ದೊಡ್ಡಮ್ಮ ಮನೆಯಲ್ಲಿ ಇರಲಿಲ್ಲ. ಕೇಳಿದರೆ, ಅವರ ಮನೆಗೆ ಹೋಗಿದ್ದಾರೆ ಎಂದರು. ಹೋಗಿ ನೋಡಿದೆ. ಜಗುಲಿಯ ಮೇಲೆ ಇಬ್ಬರೂ ಕಾಲು ಚಾಚಿ ಕೂತಿದ್ದಾರೆ. ನಡುವೆ ಒಂದು ಮೊರ. ಬಿತ್ತನೆಗೆ ಇಟ್ಟ ಶೇಂಗಾ ಸುಲಿಯುತ್ತಿದ್ದಾರೆ.

"ಬಿಸಿಲಲ್ಲಿ ಯಾಕೆ ಬಂದ್ರಿ ದೊಡ್ಡಮ್ಮ, ನಡೀರಿ ಮನೆಗೆ" ಅಂದೆ.

"ಇರಪ್ಪಾ" ಅಂದರು ದೊಡ್ಡಮ್ಮ, ಕೈ ನಿಲ್ಲಿಸದೆ. "ಒಂದು ದಿನ ಬಾಕಿ ಐತೆ."